ಪಾಸಾದ ದಿನದಿಂದ ಮೊದಲ ಸಹಿಯವರೆಗೆ: ಒಂದು ಸಿಎ ಪ್ರಕರಣ

2024ರ ಜನವರಿ 9. ಸಿಎ ಫೈನಲ್ ಫಲಿತಾಂಶ ಬಂದ ದಿನ. ಸಂಜೆಯೊಳಗೆ ಹಾವೇರಿ ಜಿಲ್ಲೆಯ ಒಂದು ಊರಿನ ಬಸ್ ಸ್ಟ್ಯಾಂಡ್ ಎದುರು ಹತ್ತಡಿ ಫ್ಲೆಕ್ಸ್ ನಿಂತಿತ್ತು. ಒಂದು ಹುಡುಗಿಯ ಫೋಟೋ, ಸುತ್ತ ಕಾಕಾಂದಿರು, ಮಾವಂದಿರು, ಗಣೇಶೋತ್ಸವ ಸಮಿತಿಯವರ ಸಣ್ಣ ಸಣ್ಣ ಮುಖಗಳು. ಮೇಲೆ ದಪ್ಪ ಅಕ್ಷರದಲ್ಲಿ ಹೆಸರು, ಹೆಸರಿನ ಹಿಂದೆ ‘ಸಿಎ’.

ರಾತ್ರಿ ಅವಳೇ ಫೋನ್ ಮಾಡಿದಳು. "ಸರ್, ಎರಡೂ ಗ್ರೂಪ್ ಆತ್ರಿ. ಎಲ್ಲಾ ಮುಗೀತು. ಇನ್ನೇನ್ ಮಾಡಬೇಕ್ರಿ?"

ಅಭಿನಂದನೆ ಹೇಳಿದೆ. ಆಮೇಲೆ ಅಂದೆ, "ಮೊದಲು ಆ ಫ್ಲೆಕ್ಸ್ ಇಳಿಸು."

ಅವಳಿಗೆ ಬೇಜಾರಾಯಿತು. ಆಗಬೇಕಾದದ್ದೇ. ಐದು ವರ್ಷ ಓದಿದ ಹುಡುಗಿಗೆ ಪಾಸಾದ ದಿನ ಹೇಳುವ ಮಾತೇ ಅದು? ಆದರೆ ಆ ಫೋನಿನಿಂದ ಅವಳು ಮೊದಲ ಸಹಿ ಹಾಕುವವರೆಗೆ 21 ತಿಂಗಳು ಹಿಡಿಯಿತು. ನಡುವೆ ನಡೆದದ್ದನ್ನು ಅವಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವಳನ್ನು ಇಲ್ಲಿ ಸುಮ ಅಂತ ಕರೆಯುತ್ತೇನೆ. ನಾನು ಹುಬ್ಬಳ್ಳಿಯಲ್ಲಿ ಪ್ರಾಕ್ಟೀಸ್ ಮಾಡುವವನು, ಅವಳು ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗಿನ ಕಡ್ಡಾಯ ತರಬೇತಿ, ಮಾಡಿದ ಆಫೀಸು ನಮ್ಮ ಬಿಲ್ಡಿಂಗಿನಲ್ಲೇ ಇದೆ.

ಹಿನ್ನೆಲೆ

ಸುಮಳ ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. 28 ವರ್ಷದಿಂದ ಅದೇ ಅಂಗಡಿ, ಅದೇ ಸಾಹುಕಾರರು. ಅವರು ಕಿರ್ದಿ ಬರೆಯುವುದನ್ನು ನಾನು ಒಮ್ಮೆ ನೋಡಿದ್ದೇನೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಒಂದು ಕಾಟು ಇಲ್ಲ. ಕಂಪ್ಯೂಟರ್ ಬಂದ ಮೇಲೂ ಮೊದಲು ಕಿರ್ದಿ, ಆಮೇಲೆ ಟ್ಯಾಲಿ. ಮಗಳಿಗೆ ಲೆಕ್ಕದ ರುಚಿ ಹತ್ತಿದ್ದು ಅಲ್ಲಿಂದಲೇ.

ಅವಳು ಆರ್ಟಿಕಲ್ ಸೇರಿದ್ದು 2021ರ ಮಾರ್ಚ್ 1ಕ್ಕೆ, ಮೂರು ವರ್ಷದ ಹಳೇ ಪದ್ಧತಿಯಲ್ಲಿ. ಆ ಪದ್ಧತಿಯಲ್ಲಿ ಕೊನೆಯ ಆರು ತಿಂಗಳು ಬಾಕಿ ಇರುವಾಗಲೇ ಫೈನಲ್ ಬರೆಯಬಹುದಿತ್ತು. ಅವಳು 2023ರ ನವೆಂಬರಿನಲ್ಲಿ ಬರೆದಳು. ಹಳೇ ಸಿಲೆಬಸ್ಸಿನ ಕೊನೇ ಪರೀಕ್ಷೆ ಅದು. ಎಂಟೂ ಪೇಪರು ಒಂದೇ ಏಟಿಗೆ ಪಾಸು. ಹಾಗಾಗಿ ಪರೀಕ್ಷೆ ಮುಗಿದಿತ್ತು, ಆದರೆ ತರಬೇತಿ ಮುಗಿದಿರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರೂ ಲೆಕ್ಕ ಹಾಕಿರಲಿಲ್ಲ.

ಫ್ಲೆಕ್ಸ್ ಯಾಕೆ ತಪ್ಪು ಅಂತ ಕೇಳಿದಳು. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ಈ ಹೆಸರು ಸಿಎಗಳ ಸಂಸ್ಥೆಯಾದ ಐಸಿಎಐನ ಸದಸ್ಯರದ್ದು, ಪಾಸಾದವರದ್ದಲ್ಲ. ಸದಸ್ಯರಲ್ಲದವರು ತಮ್ಮನ್ನು ಸಿಎ ಅಂತ ಕರೆದುಕೊಂಡರೆ 24ನೇ ಕಲಂ ಅದನ್ನು ಅಪರಾಧ ಅನ್ನುತ್ತದೆ. ಕಾಕಾನ ಫ್ಲೆಕ್ಸಿಗಾಗಿ ಯಾರೂ ಅವಳನ್ನು ಕೋರ್ಟಿಗೆ ಎಳೆಯುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೆ ಅವಳು ಅಷ್ಟರಲ್ಲೇ ಲಿಂಕ್ಡ್‌ಇನ್‌ನಲ್ಲೂ ಹೆಸರಿನ ಮುಂದೆ ಸಿಎ ಸೇರಿಸಿದ್ದಳು. ಅದು ಕಾಕಾ ಮಾಡಿದ್ದಲ್ಲ, ಅವಳೇ ಮಾಡಿದ್ದು. ಅದನ್ನು ಅಂದೇ ತೆಗೆಸಿದೆ. ಫ್ಲೆಕ್ಸ್ ಮಾತ್ರ ಸಂಕ್ರಾಂತಿ ತನಕ ಇತ್ತು, ಗಾಳಿಗೆ ಹರಿದ ಮೇಲೆ ಇಳಿಯಿತು.

189 ರಜೆ

ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮಾರ್ಚ್ 4ಕ್ಕೆ ಬಂದು ಸೇರಿ ಅಂದರು. ಆರ್ಟಿಕಲ್ ಮುಗಿಯುವುದು ಫೆಬ್ರವರಿ 29ಕ್ಕೆ, ಸರಿಯಾಗಿದೆಯಲ್ಲ ಅಂತ ಒಪ್ಪಿಕೊಂಡಳು. ಆಫೀಸಿನಲ್ಲಿ ಮುಗಿದ ಪತ್ರ, ಅಂದರೆ ಫಾರ್ಮ್ 108, ಸಿದ್ಧ ಮಾಡಲು ಕೂತಾಗ ರಜೆ ಎಷ್ಟು ಅಂತ ಬರೆಯುವ ಜಾಗ ಬಂತು.

ಮೂರು ವರ್ಷದ ಆರ್ಟಿಕಲ್‌ಗೆ ಗರಿಷ್ಠ 156 ದಿನ ರಜೆ. ಅವಳ ಹಾಜರಿ ಪುಸ್ತಕ ತೆಗೆದು ಕೂಡಿಸಿದರು. ಓದಿಗೆ 112, ಕೋವಿಡ್ ಎರಡನೇ ಅಲೆಯಲ್ಲಿ ಮನೆಯವರೆಲ್ಲ ಮಲಗಿದಾಗ 31, ಅಪ್ಪನ ಹೃದಯದ ಆಪರೇಷನ್ನಿಗೆ 26, ಮದುವೆ, ಜಾತ್ರೆ, ಹಬ್ಬ ಅಂತ 20. ಒಟ್ಟು 189. ಮೂವತ್ತಮೂರು ದಿನ ಜಾಸ್ತಿ. ಅಷ್ಟೂ ದಿನ ಮತ್ತೆ ಕೆಲಸ ಮಾಡಬೇಕು. ಅಂದರೆ ಮುಗಿಯುವುದು ಏಪ್ರಿಲ್ 2ಕ್ಕೆ.

ಆ ಆಫೀಸಿನ ಹಳೇ ಮ್ಯಾನೇಜರರು ಒಳ್ಳೆಯ ಮನುಷ್ಯರು. ಅವರೇ ದಾರಿ ತೋರಿಸಿದರು. "ಹಾಜರಿ ಪುಸ್ತಕ ನಮ್ಮ ಕೈಯಾಗ ಐತಲ್ಲವಾ, ಹೊಂದಿಸಿದ್ರಾತು." ಸುಮ ಅದಕ್ಕೆ ಬೇಡ ಅನ್ನಲಿಲ್ಲ. ಇದನ್ನು ಅವಳೇ ಬರೆಯಿರಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಪ್ರಿನ್ಸಿಪಾಲರ, ಅಂದರೆ ಅವಳಿಗೆ ತರಬೇತಿ ಕೊಡುತ್ತಿದ್ದ ಸಿಎ, ಅವರ ಹತ್ತಿರ ಹೋಗಿ ಕೇಳಿದಳು ಕೂಡ. ಅವರು ಬಯ್ಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಹಾಜರಿ ಪುಸ್ತಕವನ್ನು ಅವಳ ಕಡೆ ತಿರುಗಿಸಿ ಕೇಳಿದರು: "ಇದು ಕ್ಲೈಂಟ್ ಆಫೀಸಿನ ಪುಸ್ತಕ ಆಗಿದ್ರ, ನೀ ಆಡಿಟಿಗೆ ಹೋದಾಗ ಹಿಂಗ ತಿದ್ದಿದ್ದು ಕಂಡ್ರ, ಏನಂತ ಬರೀತಿದ್ದಿ?"

ಮೂರು ದಿನ ಅವಳು ಅವರ ಜೊತೆ ಮಾತಾಡಲಿಲ್ಲ. ನನ್ನ ಹತ್ತಿರ ಬಂದು ಅತ್ತಳು. ಕಂಪನಿ ಬಿಟ್ಟುಹೋದರೆ ಗತಿ ಏನು ಅಂತ. ಎಚ್‌ಆರ್‌ಗೆ ಇದ್ದದ್ದು ಇದ್ದ ಹಾಗೆ ಮೇಲ್ ಬರೆ ಅಂದೆ. ಬರೆದಳು. ಎರಡು ದಿನದಲ್ಲಿ ಉತ್ತರ ಬಂತು, ಏಪ್ರಿಲ್ 10ಕ್ಕೆ ಬನ್ನಿ ಅಂತ. ಅಷ್ಟೇ. ಇಷ್ಟು ಸಣ್ಣ ಮೇಲ್ ಬರೆಯುವುದನ್ನು ಬಿಟ್ಟು ಹಾಜರಿ ಪುಸ್ತಕ ತಿದ್ದುವವರೆಗೂ ಯೋಚನೆ ಹೋಗಿತ್ತಲ್ಲ, ಅದು ನನಗೆ ಈಗಲೂ ಆಶ್ಚರ್ಯ. ಏಪ್ರಿಲ್ 9 ಯುಗಾದಿ. ಹಬ್ಬ ಮಾಡಿ, ಅದೇ ರಾತ್ರಿ ಬಸ್ ಹತ್ತಿದಳು.

ಈಗ ಹೊಸ ಪದ್ಧತಿಯಲ್ಲಿ ಓದುವವರಿಗೆ ಆರ್ಟಿಕಲ್‌ಶಿಪ್ ಎರಡೇ ವರ್ಷ, ರಜೆ ವರ್ಷಕ್ಕೆ ಹನ್ನೆರಡರ ಲೆಕ್ಕ, ಅದು ಮುಗಿದ ಮೇಲೆ ಆರು ತಿಂಗಳು ಓದಿ ಫೈನಲ್. ಸುಮಳಿಗೆ ಜಾಸ್ತಿಯಾದ ರಜೆ ಕೆಲಸಕ್ಕೆ ಸೇರುವುದನ್ನು ಮುಂದೂಡಿತು. ಹೊಸಬರಿಗೆ ಅದು ಪರೀಕ್ಷೆಯನ್ನೇ ಮುಂದೂಡೀತು. ತಿಂಗಳಿಗೊಮ್ಮೆ ಕೂಡಿಸಿಕೊಳ್ಳಿ.

ಸಾಹುಕಾರರ ಸರ್ಟಿಫಿಕೇಟು

ಈ ರಜೆಯ ಗಲಾಟೆ ನಡೆದಿದ್ದಾಗಲೇ ಇನ್ನೊಂದು ಆಯಿತು. ಅಪ್ಪನ ಸಾಹುಕಾರರ ಮಗ ಓದಲು ಹೊರದೇಶಕ್ಕೆ ಹೊರಟಿದ್ದ. ವೀಸಾಕ್ಕೆ ನೆಟ್‌ವರ್ತ್ ಸರ್ಟಿಫಿಕೇಟು ಬೇಕು, ಆಸ್ತಿಯಲ್ಲಿ ಸಾಲ ಕಳೆದು ಎಷ್ಟು ಉಳಿಯುತ್ತದೆ ಅಂತ ಹೇಳುವ ಕಾಗದ. "ಮನಿ ಮಗಳೇ ಸಿಎ ಆಗ್ಯಾಳ, ಹೊರಗ್ಯಾಕ ಹೋಗೋಣು" ಅಂದರಂತೆ. ಸುಮ ಒಂದು ಲೆಟರ್‌ಹೆಡ್ ಮಾಡಿಸಿಕೊಂಡು, ಸಾಹುಕಾರರು ಹೇಳಿದ ಆಸ್ತಿಗಳನ್ನೆಲ್ಲ ಟೈಪ್ ಮಾಡಿ, ನೋಡಿಕೊಡಿ ಅಂತ ನನಗೆ ಕಳಿಸಿದಳು.

ಕೆಳಗೆ ಸಹಿಯ ಜಾಗ. ಅದರ ಕೆಳಗೆ ‘ಮೆಂಬರ್‌ಶಿಪ್ ನಂ.’ ಅಂತ ಬರೆದು ಖಾಲಿ ಬಿಟ್ಟಿದ್ದಳು. ಅದರ ಕೆಳಗೆ ‘ಯುಡಿಐಎನ್’, ಅದೂ ಖಾಲಿ.

"ಈ ಎರಡು ಖಾಲಿ ಜಾಗಕ್ಕೆ ಏನು ತುಂಬ್ತೀ?" ಅಂತ ಕೇಳಿದೆ.

ಹೊರಗಿನವರಿಗಾಗಿ ಒಂದು ಮಾತು. ಸಿಎ ಕೊಡುವ ಪ್ರತಿ ಸರ್ಟಿಫಿಕೇಟಿಗೂ 2019ರ ಫೆಬ್ರವರಿ 1ರಿಂದ ಯುಡಿಐಎನ್ ಕಡ್ಡಾಯ. ಹದಿನೆಂಟು ಅಂಕಿ-ಅಕ್ಷರದ ನಂಬರು, ಅದರೊಳಗೆ ಸದಸ್ಯತ್ವದ ಆರಂಕಿಯೂ ಸೇರಿರುತ್ತದೆ. ಬ್ಯಾಂಕಿನವರು, ವೀಸಾದವರು ಪೋರ್ಟಲ್‌ನಲ್ಲಿ ಆ ನಂಬರು ಹಾಕಿ ಕಾಗದ ಅಸಲೋ ನಕಲೋ ನೋಡಿಕೊಳ್ಳುತ್ತಾರೆ. ಆ ನಂಬರು ಪಡೆಯಲು ಸದಸ್ಯತ್ವ ಬೇಕು, ಅದರ ಮೇಲೆ ಸ್ವಂತ ವೃತ್ತಿ ನಡೆಸಲು ಸಂಸ್ಥೆ ಕೊಡುವ ಪ್ರಾಕ್ಟೀಸ್ ಸರ್ಟಿಫಿಕೇಟು ಬೇಕು, ಅದೂ ಪೂರ್ಣಾವಧಿಯದ್ದು. ಸುಮಳ ಹತ್ತಿರ ಮೂರರಲ್ಲಿ ಒಂದೂ ಇರಲಿಲ್ಲ.

ಆ ಕೆಲಸವನ್ನು ಊರಿನ ಬೇರೊಬ್ಬ ಸಿಎಗೆ ಕಳಿಸಿದೆವು. ಅವರು ಪಹಣಿ, ಬ್ಯಾಂಕ್ ಪಾಸ್‌ಬುಕ್ಕು, ಮನೆಗೆ ವ್ಯಾಲ್ಯುಯರ್ ರಿಪೋರ್ಟು, ಸಾಲದ ಖಾತೆ, ಮೂರು ವರ್ಷದ ರಿಟರ್ನು ಎಲ್ಲ ತರಿಸಿದರು. ನೋಡಿದರೆ ಒಂದು ಹೊಲ ಸಾಹುಕಾರರ ಹೆಸರಿನಲ್ಲೇ ಇಲ್ಲ. ತೀರಿಕೊಂಡ ಅಣ್ಣನ ಹೆಸರಿನಲ್ಲಿದೆ, ವಾರಸಾ ಆಗಿಲ್ಲ. ಸುಮಳ ಟೈಪಿಂಗಿನಲ್ಲಿ ಆ ಹೊಲ ಮೂರನೇ ಸಾಲಿನಲ್ಲಿತ್ತು. ಎಂಟು ಪೇಪರು ಪಾಸಾದವಳು ಪಹಣಿ ಕೇಳಲೇ ಇಲ್ಲ. ಯಾಕೆ? ಸಾಹುಕಾರರನ್ನು ಚಿಕ್ಕಂದಿನಿಂದ ‘ಅಜ್ಜಾರ’ ಅಂತ ಕರೆಯುತ್ತಿದ್ದಳು. ಅಜ್ಜನ ಹತ್ತಿರ ಕಾಗದ ಕೇಳುವುದು ಹೇಗೆ?

ಈ ಪ್ರಶ್ನೆ ಮುಂದೆ ಮತ್ತೆ ಬರುತ್ತದೆ.

ಒಂದು ಇನಿಷಿಯಲ್ ತಿಂದ ಏಳು ವಾರ

ಏಪ್ರಿಲ್ 3ಕ್ಕೆ ಫಾರ್ಮ್ 108 ಹೋಯಿತು. ಅದಾದ ಮೇಲೆ ಸದಸ್ಯತ್ವಕ್ಕೆ ಫಾರ್ಮ್ 2. ಎಲ್ಲ ಆನ್‌ಲೈನ್, ಸಂಸ್ಥೆಯ ಸೆಲ್ಫ್ ಸರ್ವಿಸ್ ಪೋರ್ಟಲ್‌ನಲ್ಲಿ. ಹತ್ತು ನಿಮಿಷದ ಕೆಲಸ ಅಂದುಕೊಂಡಳು.

ನಮ್ಮ ಕಡೆ ಹೆಸರಿನ ಕಥೆ ನಿಮಗೆ ಗೊತ್ತಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು, ಮುಂದೆ ಎರಡು ಇನಿಷಿಯಲ್. ಆಧಾರ್‌ನಲ್ಲಿ ಅಡ್ಡಹೆಸರು ಬಿಡಿಸಿ ಬರೆದಿದೆ. ಪ್ಯಾನ್‌ನಲ್ಲಿ ಅಪ್ಪನ ಹೆಸರು ನಡುವೆ ಬಂದಿದೆ. ಮೂರೂ ಒಬ್ಬಳೇ, ಆದರೆ ಪೋರ್ಟಲ್‌ಗೆ ಮೂವರು. ಅರ್ಜಿ ವಾಪಸ್ ಬಂತು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ, ಶನಿವಾರಕ್ಕೊಮ್ಮೆ ಆಧಾರ್ ಕೇಂದ್ರದ ಮುಂದೆ ನಿಂತು, ಅಂಕಪಟ್ಟಿಯ ಹೆಸರಿಗೆ ಎಲ್ಲವನ್ನೂ ಹೊಂದಿಸುವಷ್ಟರಲ್ಲಿ ಏಳು ವಾರ ಹೋಯಿತು. ಜೂನ್‌ನಲ್ಲಿ ಆರಂಕಿಯ ನಂಬರು ಬಂತು. ಈಗ ಸಿಎ ಅಂತ ಬರೆದುಕೋ ಅಂತ ನಾನೇ ಮೆಸೇಜ್ ಮಾಡಿದೆ. ಇದರ ಬಗ್ಗೆ ಇನ್ನೇನೂ ಹೇಳುವುದಿಲ್ಲ. ಫೈನಲ್‌ಗಿಂತ ಹಿಂದಿನ ಹಂತವಾದ ಸಿಎ ಇಂಟರ್ ಓದುವಾಗಲೇ ಹೆಸರು ಸರಿಮಾಡಿಸಿಕೊಳ್ಳಿ, ಅಷ್ಟೇ.

ಪ್ರಾಕ್ಟೀಸ್ ಸರ್ಟಿಫಿಕೇಟು ಬೇಕಾ, ಬೇಡ್ವಾ

ಸದಸ್ಯತ್ವ ಸಿಕ್ಕ ಕೂಡಲೇ ಕಾಕಾನ ಒತ್ತಾಯ ಶುರುವಾಯಿತು. "ಸಹಿ ಮಾಡಾಕ ಬರಲ್ಲಂದ್ರ ಅದೆಂಥಾ ಸಿಎ?" ಪ್ರಾಕ್ಟೀಸ್ ಸರ್ಟಿಫಿಕೇಟಿಗೆ ಫಾರ್ಮ್ 6 ಹಾಕಬೇಕು. ಕೆಲಸದಲ್ಲಿದ್ದುಕೊಂಡೇ ಕಂಪನಿಯ ಒಪ್ಪಿಗೆ ಪಡೆದು ಅರೆಕಾಲಿಕ ಸರ್ಟಿಫಿಕೇಟು ಪಡೆಯುವ ದಾರಿ ಇದೆ. ಅವಳ ಜೊತೆ ಪಾಸಾದವರು ಇಬ್ಬರು ಪಡೆದಿದ್ದರು.

ಇಲ್ಲಿ ನನ್ನ ಅಭಿಪ್ರಾಯ ಖಚಿತ. ಸಂಬಳದ ಕೆಲಸದಲ್ಲಿ ಇರುವವರು ಅರೆಕಾಲಿಕ ಸರ್ಟಿಫಿಕೇಟು ಇಟ್ಟುಕೊಂಡು ಆಡಿಟ್ ಮಾಡುವಂತಿಲ್ಲ, ಲೆಕ್ಕ ದೃಢೀಕರಿಸುವ ಸಹಿ ಹಾಕುವಂತಿಲ್ಲ. ಕಾಕಾ ಕೇಳುತ್ತಿದ್ದ ಸಹಿ ಅದರಿಂದ ಬರುವುದೇ ಇಲ್ಲ. ಸಲಹೆ ಕೊಡುವ ಕೆಲಸಕ್ಕೆ ಅದು ಕೆಲವರಿಗೆ ಉಪಯೋಗ, ಸುಮಳಿಗೆ ಅಂಥ ಕೆಲಸ ಇರಲಿಲ್ಲ. ಸುಮ್ನೆ ವರ್ಷವರ್ಷ ಫೀಸು ಕಟ್ಟಬೇಕು. ನಾನು ಬೇಡ ಅಂದೆ. ಅವಳು ಒಂದು ವಾರ ಯೋಚಿಸಿ ಸದಸ್ಯತ್ವ ಮಾತ್ರ ಇಟ್ಟುಕೊಂಡಳು. ಅದಕ್ಕೂ ವಾರ್ಷಿಕ ಫೀಸಿದೆ, ಏಪ್ರಿಲ್ 1ಕ್ಕೆ ಬಾಕಿಯಾಗುತ್ತದೆ, ಸೆಪ್ಟೆಂಬರ್ 30ರೊಳಗೆ ಕಟ್ಟಬೇಕು. ಕಟ್ಟದಿದ್ದರೆ ರಿಜಿಸ್ಟರಿನಿಂದ ಹೆಸರೇ ಹೋಗುತ್ತದೆ.

ಒಂದೂಕಾಲು ವರ್ಷ ಕಂಪನಿಯಲ್ಲಿ ಜಿಎಸ್‌ಟಿ, ಆಂತರಿಕ ಆಡಿಟ್ ಮಾಡಿದಳು. ಅಪ್ಪನ ಆರೋಗ್ಯ ಮತ್ತೆ ಕೆಟ್ಟಿತು. 2025ರ ಜುಲೈ ಕೊನೆಗೆ ಕೆಲಸ ಬಿಟ್ಟು ಊರಿಗೆ ಬಂದಳು. ಬಿಡುಗಡೆ ಪತ್ರ ಕೈಗೆ ಬಂದ ಮೇಲೆ ಪೂರ್ಣಾವಧಿಯ ಸರ್ಟಿಫಿಕೇಟಿಗೆ ಅರ್ಜಿ ಹಾಕಿದಳು. ಆಗಸ್ಟ್‌ನಲ್ಲಿ ಬಂತು. ಫರ್ಮಿಗೆ ಬೇರೆ ಹೆಸರು ಬೇಕಾದರೆ ಮೊದಲು ಹೆಸರಿಗೆ ಒಪ್ಪಿಗೆ, ಆಮೇಲೆ ನೋಂದಣಿ, ಅದು ಬೇರೆ ಸುತ್ತು. ಅವಳು ಸ್ವಂತ ಹೆಸರಿನಲ್ಲೇ ಶುರುಮಾಡಿದಳು. ಡಿಜಿಟಲ್ ಸಹಿ, ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಸಿಎ ಆಗಿ ನೋಂದಣಿ, ಯುಡಿಐಎನ್ ಪೋರ್ಟಲ್‌ನಲ್ಲಿ ನೋಂದಣಿ, ಇವೆಲ್ಲ ಒಂದು ವಾರದಲ್ಲಿ ಮುಗಿದವು. ಕಾಕಾ ದೀಪ ಹತ್ತುವ ದೊಡ್ಡ ಬೋರ್ಡು ಮಾಡಿಸಿಕೊಂಡು ಬಂದಿದ್ದರು, ಮೆಡಿಕಲ್ ಶಾಪಿನ ಥರದ್ದು. ನಮಗೆ ಅಂಥದ್ದು ಸಲ್ಲ. ಅದನ್ನು ವಾಪಸ್ ಕಳಿಸಿ ಒಂದೂವರೆ ಅಡಿಯ ಹಿತ್ತಾಳೆ ಫಲಕ ಹಾಕಿಸಿದಳು.

ಅಪ್ಪ ಬರೆದ ಲೆಕ್ಕ

ಮೊದಲ ಕ್ಲೈಂಟ್ ಯಾರು ಅಂತ ಮಾರ್ಕೆಟ್ಟಿಗೆಲ್ಲ ಗೊತ್ತಿತ್ತು. ಅಪ್ಪನ ಸಾಹುಕಾರರೇ. ತಮ್ಮ ಹಳೇ ಆಡಿಟರಿಗೆ ಈ ವರ್ಷ ಬೇಡ ಅಂತ ಹೇಳಿಯೂ ಆಗಿತ್ತಂತೆ. ಸುಮ ಖುಷಿಯಿಂದ ಫೋನ್ ಮಾಡಿದಳು. ನಾನು ಒಂದೇ ಪ್ರಶ್ನೆ ಕೇಳಿದೆ. "ಆ ಅಂಗಡಿಯ ಲೆಕ್ಕ ಬರೆಯೋರು ಯಾರು?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ಆಡಿಟ್ ಮಾಡುವವರ ಹತ್ತಿರದ ಸಂಬಂಧಿಯೇ ಆ ಲೆಕ್ಕ ಬರೆಯುವ ಜಾಗದಲ್ಲಿ ಕೂತಿದ್ದರೆ ಆಡಿಟರ್ ಸ್ವತಂತ್ರ ಅಂತ ಹೇಳುವುದು ಕಷ್ಟ. ದೊಡ್ಡ ಫರ್ಮಾದರೆ ಅವರನ್ನು ಆ ಕೆಲಸದಿಂದ ಬಿಡಿಸಿ ಬೇರೆ ಪಾರ್ಟ್ನರಿಗೆ ಕೊಡುತ್ತಾರೆ. ಸುಮ ಇರುವುದೇ ಒಬ್ಬಳು. ಬಿಡಿಸಿ ಯಾರಿಗೆ ಕೊಡುವುದು?

ಈ ಸಲ ನಾನು ಏನೂ ಹೇಳಲಿಲ್ಲ, ನಿರ್ಧಾರ ಅವಳದ್ದೇ. ಎರಡು ದಿನ ಬಿಟ್ಟು ಬೇಡ ಅಂದಳು. ಸಾಹುಕಾರರಿಗೆ ಅರ್ಥ ಮಾಡಿಸುವುದು ಸುಲಭವಾಯಿತು, ಹೊಲದ ವಾರಸಾ ಕಥೆ ಅವರಿಗೆ ನೆನಪಿತ್ತು. ಕಷ್ಟವಾದದ್ದು ಅಪ್ಪ. "28 ವರ್ಷ ಬರ್ದೀನಿ, ಒಂದು ಪೈಸೆ ಹೆಚ್ಚುಕಮ್ಮಿ ಆಗಿಲ್ಲ. ನಾ ಬರ್ದಿದ್ದು ನೀ ನೋಡಾಂಗಿಲ್ಲೇನು?" ಅಂದರಂತೆ. ನೋಡಬಹುದು ಅಪ್ಪಾಜಿ, ಸಹಿ ಮಾಡಾಂಗಿಲ್ಲ ಅಂದಳಂತೆ. ಅವರು ಅಂದು ಊಟ ಮಾಡಲಿಲ್ಲ.

ನಿಜವಾದ ಮೊದಲ ಕೆಲಸ ಬಂದದ್ದು ಅದೇ ಮಾರ್ಕೆಟ್ಟಿನ ಇನ್ನೊಂದು ಅಂಗಡಿಯಿಂದ. ಅಲ್ಲಿ ಮೊದಲ ಪ್ರಶ್ನೆಯೇ ಟ್ಯಾಕ್ಸ್ ಆಡಿಟ್, ಅಂದರೆ ವಹಿವಾಟು ಮಿತಿ ದಾಟಿದಾಗ ಆದಾಯ ತೆರಿಗೆಗಾಗಿ ಸಿಎಯಿಂದ ಮಾಡಿಸಬೇಕಾದ ಆಡಿಟ್, ಬೇಕಾ ಅನ್ನುವುದು. ರೈತರ ಮಾಲನ್ನು ಅವರ ಪರವಾಗಿ ಮಾರಿಕೊಡುವ ಕಚ್ಚಾ ಅಡತಿಯವರಿಗೆ ವಹಿವಾಟು ಅಂದರೆ ಕಮಿಷನ್ ಮಾತ್ರ, ಇಡೀ ಮಾರಾಟದ ಮೊತ್ತವಲ್ಲ. 1986ರ ನೇರ ತೆರಿಗೆ ಮಂಡಳಿಯ ಸುತ್ತೋಲೆಯೇ ಇದೆ. ಆದರೆ ಈ ಅಂಗಡಿಯವರು ಸ್ವಂತಕ್ಕೂ ಮೆಣಸಿನಕಾಯಿ ಖರೀದಿಸಿ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಮಾರುತ್ತಿದ್ದರು. ಪಟ್ಟಿಗಳನ್ನು ಬೇರೆ ಬೇರೆ ಮಾಡಿ ಕೂಡಿಸಿದಾಗ ಆಡಿಟ್ ಬೇಕೇಬೇಕು ಅಂತಾಯಿತು. ಈ ವಿಂಗಡಣೆ ಹೇಗೆ ಮಾಡಬೇಕು ಅಂತ ಅವಳಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪನ ಪಕ್ಕ ಕೂತು ಬೆಳೆದವಳು.

ಹಿಂದಿನ ಆಡಿಟರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಕಳಿಸಿದಳು. ಬೇರೊಬ್ಬ ಸಿಎ ಮಾಡುತ್ತಿದ್ದ ಆಡಿಟನ್ನು ಅವರಿಗೆ ಬರೆದು ತಿಳಿಸದೆ ಒಪ್ಪಿಕೊಳ್ಳುವಂತಿಲ್ಲ. ಅವರು ಫೋನ್ ಮಾಡಿ ಸಿಡುಕಿದರು. ಸಿಡುಕಿಗೆ ಕಾರಣ ಸುಮ ಅಲ್ಲ, ಎರಡು ವರ್ಷದ ಫೀಸು ಬಾಕಿ ಇತ್ತು. ಒಪ್ಪಿಕೊಂಡ ಫೀಸು ಕೊಡದೆ ಬಾಕಿ ಇದ್ದರೆ ಹೊಸಬರು ಆ ಆಡಿಟ್ ಹಿಡಿಯಬಾರದು. ಅಂಗಡಿಯವರಿಗೆ ಅದನ್ನು ಹೇಳಿದಳು. ಅವರು ಗೊಣಗುತ್ತಲೇ ಕಟ್ಟಿದರು. ಆ ಹಿರಿಯರು ಆಮೇಲೆ ತಾವಾಗಿಯೇ ಹಳೇ ಫೈಲು ಕಳಿಸಿಕೊಟ್ಟರು.

ಈಗ ಹಿಂತಿರುಗಿ ನೋಡಿದರೆ

ಜೂನಿಯರ್‌ಗಳಿಗೆ ಈ ಪ್ರಕರಣ ಹೇಳುವಾಗ ಅವರು ಕೇಳುವುದು ಫಾರ್ಮುಗಳ ನಂಬರು. ನಂಬರುಗಳು ಬದಲಾಗುತ್ತವೆ, ಪೋರ್ಟಲ್ ಅವತ್ತಿನದ್ದನ್ನು ತೋರಿಸುತ್ತದೆ. ನಾನು ಕೇಳುವುದು ಬೇರೆ: ಸುಮ ಎಲ್ಲೆಲ್ಲಿ ಎಡವುತ್ತಿದ್ದಳು? ಹಾಜರಿ ಪುಸ್ತಕ, ಸಾಹುಕಾರರ ಸರ್ಟಿಫಿಕೇಟು, ಅಪ್ಪನ ಲೆಕ್ಕ. ಮೂರು ಸಲವೂ ಅವಳ ಮುಂದೆ ಇದ್ದವರು ಪ್ರೀತಿಯಿಂದ ಕೇಳುತ್ತಿದ್ದವರು. ಯಾರೂ ಲಂಚ ಕೊಡಲಿಲ್ಲ, ಯಾರೂ ಹೆದರಿಸಲಿಲ್ಲ. ಎಥಿಕ್ಸ್ ಪೇಪರಿನಲ್ಲಿ ಬರುವ ಪ್ರಶ್ನೆಗಳಲ್ಲಿ ‘ಮಿಸ್ಟರ್ ಎಕ್ಸ್’ ಇರುತ್ತಾನೆ, ಕಾಕಾ ಇರುವುದಿಲ್ಲ.

ಇನ್ನೊಂದು, ಅವಳು ಕೆಲಸದಲ್ಲಿದ್ದಾಗ ಪ್ರಾಕ್ಟೀಸ್ ಸರ್ಟಿಫಿಕೇಟು ಪಡೆಯದೇ ಇದ್ದದ್ದು. ಎಲ್ಲರಿಗೂ ಅದೇ ಸರಿ ಅನ್ನಲಾರೆ. ಯಾವ ಕಾಗದಕ್ಕೆ ಸಹಿ ಹಾಕಲು ಹೊರಟಿದ್ದೇನೆ ಅಂತ ಮೊದಲು ಕೇಳಿಕೊಂಡರೆ ಯಾವ ಸರ್ಟಿಫಿಕೇಟು ಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಅವಳ ಜೊತೆಗಾರರಲ್ಲಿ ಒಬ್ಬ ಅರೆಕಾಲಿಕ ಸರ್ಟಿಫಿಕೇಟು ಪಡೆದು, ಹದಿನಾರು ತಿಂಗಳಾದರೂ ಏನೂ ಮಾಡಿರಲಿಲ್ಲ.

ಮೊದಲ ಸಹಿ

ಆ ವರ್ಷ ಟ್ಯಾಕ್ಸ್ ಆಡಿಟಿನ ಗಡುವು ಸೆಪ್ಟೆಂಬರ್ 30ರಿಂದ ಅಕ್ಟೋಬರ್ 31ಕ್ಕೆ ಹೋಗಿತ್ತು. ಅಕ್ಟೋಬರ್ ಮೊದಲ ವಾರ ವರದಿ ಸಿದ್ಧವಾಯಿತು. ಯುಡಿಐಎನ್ ತೆಗೆಯುವ ಮೊದಲು ನನಗೆ ವಿಡಿಯೋ ಕಾಲ್ ಮಾಡಿದಳು. ಒಂದು ಚೂರು ಜಾಗದ ಆಫೀಸು, ಎರಡು ಕುರ್ಚಿ, ಕಿಟಕಿಯಿಂದ ಮೆಣಸಿನಕಾಯಿಯ ಘಾಟು ಬರುತ್ತದೆ ಅಂತ ಮೂಗು ಒರೆಸಿಕೊಳ್ಳುತ್ತಿದ್ದಳು. ಓಟಿಪಿ ಬಂತು, ನಂಬರು ಬಂತು. ಹದಿನೆಂಟೂ ಅಕ್ಷರ ಓದಿ ಹೇಳಿದಳು.

ಎರಡನೇ ಕುರ್ಚಿಯಲ್ಲಿ ಅವಳ ಅಪ್ಪ ಕೂತಿದ್ದರು. ಕನ್ನಡಕ ಏರಿಸಿಕೊಂಡು ಆ ಅಂಗಡಿಯ ಖರೀದಿ ಪಟ್ಟಿಯ ಕಡೆ ಕೈ ಚಾಚಿದರು. ಸುಮ ಫೈಲನ್ನು ತನ್ನ ಕಡೆ ಎಳೆದುಕೊಂಡಳು. "ಅದು ಬ್ಯಾರೆ ಅಂಗಡೀದು ಅಪ್ಪಾಜಿ, ನೀವು ನೋಡಾಂಗಿಲ್ಲ."

ಅವರು ಕೈ ಹಿಂದೆ ತೆಗೆದುಕೊಂಡು ನನ್ನ ಕಡೆ, ಅಂದರೆ ಫೋನಿನ ಕಡೆ, ನೋಡಿ ನಕ್ಕರು. "ಕೇಳಿದ್ರ್ಯಾ ಸರ? ನನಗs ಹೇಳ್ತಾಳ."